ನಾಲ್ಕು ಬೆರಳು ಕಡಿಮೆ ಬಿದ್ರೆ ಏನಾಗ್ತದೆ? ರೈಡ್ ಮುಂದಿನ ಎತ್ತರದ ಗೆರೆಯ ಲೆಕ್ಕ

ಈ ಕಂತಿಗೆ ವಿಷಯ ಕೊಟ್ಟಿದ್ದು ಒಂದು ವಾಯ್ಸ್ ಮೆಸೇಜ್. ಜಮಖಂಡಿ ಕಡೆಯ ಕೇಳುಗರೊಬ್ಬರು ಕಳಿಸಿದ್ದು. ಅವರ ಅಕ್ಕನ ಮಗ ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ಶಾಲೆಯಿಂದ ಪ್ರವಾಸ ಹೋಗಿದ್ದ. ರಾತ್ರಿಯಿಡೀ ಬಸ್ಸು, ಸುಮಾರು 500 ಕಿ.ಮೀ., ಬೆಳಗ್ಗೆ ದಕ್ಷಿಣದ ಒಂದು ದೊಡ್ಡ ಪಾರ್ಕ್. ಮುಕ್ಕಾಲು ತಾಸು ಪಾಳಿ ಹಚ್ಚಿ ನಿಂತ. ಸರದಿ ಬಂದಾಗ ಅಲ್ಲಿ ನಿಂತಿದ್ದ ಸಿಬ್ಬಂದಿ ಗೋಡೆ ಮೇಲಿನ ಗೆರೆಗೆ ಇವನನ್ನ ಹಚ್ಚಿ ನಿಲ್ಲಿಸಿ ನೋಡಿ, "ಆಗಲ್ಲ, ಪಕ್ಕಕ್ಕೆ ಬಾ" ಅಂದ್ರಂತೆ. ನಾಲ್ಕು ಬೆರಳು ಕಡಿಮೆ. ಗೆಳೆಯರೆಲ್ಲ ಹತ್ತಿದ್ರು, ಇವನು ಅವರ ಚಪ್ಪಲಿ, ಬ್ಯಾಗ್ ಕಾಯ್ತಾ ಕೂತ.

ಕೇಳುಗರ ಪ್ರಶ್ನೆ ಅವರದೇ ಮಾತಿನಲ್ಲಿ: "ಅಂವಗ ಹೆದರಿಕಿ ಅನ್ನೋದ ಇಲ್ರೀ. ಊರ ಜಾತ್ರ್ಯಾಗ ದೊಡ್ಡ ತೊಟ್ಟಲಾ ನಾಕ್ ಸಲ ಹತ್ಯಾನ. ನಾಕ ಬೆರಳಿಗೆ ಏನಾಕ್ಕೈತ್ರಿ?"

ಪ್ರಶ್ನೆ ನನಗೆ ಬಹಳ ಹಿಡಿಸ್ತು. ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರು ಆ ಗೆರೆ ನೋಡಿದ ಕೂಡಲೇ ಧೈರ್ಯದ ವಿಷಯ ಅಂದ್ಕೊಳ್ತೀವಿ. ಸಣ್ಣ ಮಕ್ಕಳು ಹೆದರ್ತಾರೆ, ಅಳ್ತಾರೆ, ಅದಕ್ಕೆ ಬಿಡಲ್ಲ ಅಂತ. ಆ ಗೆರೆಗೂ ಹೆದರಿಕೆಗೂ ಸಂಬಂಧ ಬಹಳ ಕಡಿಮೆ. ಅದು ಕೇಳೋದು ಒಂದೇ: ಈ ಸೀಟಿನ ಕಂಬಿ ಈ ದೇಹವನ್ನ ಹಿಡಿದು ಇಟ್ಕೊಳ್ಳಬಲ್ಲದಾ?

ಮೊದಲು ವಯಸ್ಸು ಬಿಟ್ಟು ಎತ್ತರವೇ ಯಾಕೆ ಅನ್ನೋದು ನೋಡೋಣ. ಇದಕ್ಕೆ ನಮ್ಮ ಬಸ್ಸು ನೆನಪು ಮಾಡ್ಕೊಳ್ಳಿ. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ನಾನು ಮುಧೋಳ ತಾಲ್ಲೂಕಿನ ತಿಮ್ಮಾಪುರದವನು. ಈ ಸಂಭಾಷಣೆ ಕೇಳದ ದಿನ ನಾನು ಬಸ್ ಹತ್ತಿಲ್ಲ ಅಂತಾನೇ ಹೇಳಬಹುದು. "ಎಷ್ಟ್ ವಯಸ್ಸ್ರೀ ಇವಗ?" "ಐದ್ರಿ." "ಅವ್ವಾರ, ಹೋದ ವರ್ಷಾನೂ ಐದ ಅಂದಿದ್ರಿ." (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಜಗಳ ಗಂಡುಮಕ್ಕಳಿಗಷ್ಟೇ ಉಳಿದಿದೆ.) ವಯಸ್ಸು ಬಾಯಿಂದ ಬರ್ತದೆ. ಎತ್ತರ ಹಾಗಲ್ಲ, ಕಣ್ಣೆದುರೇ ಇರ್ತದೆ, ಎರಡು ಸೆಕೆಂಡಿನಲ್ಲಿ ಅಳೆದು ಮುಗೀತದೆ, ಆಧಾರ್ ಕಾರ್ಡ್ ಬೇಕಿಲ್ಲ. ಬೆಂಗಳೂರು ಹತ್ತಿರದ ಬಿಡದಿಯಲ್ಲಿ 2005ರಿಂದ ಇರೋ ವಂಡರ್‌ಲಾದಲ್ಲಿ ಒಳಗೆ ಹೋಗೋ ಟಿಕೆಟ್ಟಿಗೂ ಎತ್ತರವೇ ಲೆಕ್ಕ: 85 ಸೆಂ.ಮೀ. ಒಳಗಿದ್ರೆ ಟಿಕೆಟ್ ಇಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಮೇಲೆ ದೊಡ್ಡವರದು. ಗೇಟಿನ ಅಳತೆ ಬೇರೆ, ಒಳಗೆ ಒಂದೊಂದು ರೈಡಿನ ಅಳತೆ ಬೇರೆ ಅನ್ನೋದು ಮಾತ್ರ ನೆನಪಿರಲಿ. ಟಿಕೆಟ್ ತಗೊಂಡ ಮೇಲೂ ರೈಡ್ ಮುಂದೆ ಕಣ್ಣೀರು ಬರೋದು ಈ ಎರಡನ್ನ ಒಂದೇ ಅಂದ್ಕೊಂಡಾಗ.

ಈಗ ನಾಲ್ಕು ಬೆರಳಿನ ವಿಷಯ.

ಕಬ್ಬಿನ ಸೀಜನ್‌ನಲ್ಲಿ ನಮ್ಮ ಕಡೆ ರಸ್ತೆ ಹೇಗಿರ್ತದೆ ಗೊತ್ತಲ್ಲ. ಬಸ್ಸಿನ ಕೊನೇ ಸೀಟಿನಲ್ಲಿ ಕೂತಿದ್ದೀರಿ, ಡ್ರೈವರ್ ಹಂಪ್ ನೋಡಲಿಲ್ಲ. ಬಸ್ಸು ಏರಿ ಇಳೀತು, ನೀವು ಇಳಿಯಲಿಲ್ಲ. ಅರ್ಧ ಸೆಕೆಂಡು ಗಾಳಿಯಲ್ಲಿ ಇದ್ದು ಆಮೇಲೆ ಧಪ್ ಅಂತ ಸೀಟಿಗೆ. ಬಸ್ಸು ಕೆಳಗೆ ಹೋಗೋ ವೇಗಕ್ಕೆ ನಿಮ್ಮ ದೇಹ ಬೀಳೋ ವೇಗ ಸಾಲಲಿಲ್ಲ, ಅಷ್ಟೇ. ರೋಲರ್ ಕೋಸ್ಟರ್‌ನಲ್ಲಿ ಇದನ್ನ ಬೇಕಂತಲೇ ಮಾಡ್ತಾರೆ. ಹೊಟ್ಟೆಯಲ್ಲಿ ಕಚಗುಳಿ ಆಗೋದು ಅದೇ ಕ್ಷಣಕ್ಕೆ, ದುಡ್ಡು ಕೊಡೋದೂ ಅದಕ್ಕೇ. ಆ ಹೊತ್ತಿಗೆ ನಿಮ್ಮನ್ನ ಗಾಡಿಯಲ್ಲಿ ಇಟ್ಟಿರೋದು ಸೀಟಲ್ಲ. ತೊಡೆ ಮೇಲೆ ಬಂದು ಕೂತ ಕಂಬಿ, ಇಲ್ಲಾ ಭುಜದ ಮೇಲಿಂದ ಇಳಿದ ಲಾಕ್.

ಆ ಕಂಬಿ ಕೆಲಸ ಮಾಡಬೇಕಂದ್ರೆ ತೊಡೆ ಮತ್ತು ಹೊಟ್ಟೆ ಸೇರೋ ಮಡಿಕೆಯಲ್ಲಿ ಅದು ಕೂರಬೇಕು. ಬೆನ್ನು ಹಿಂದಿನ ಒರಗಿಗೆ ತಾಗಿರಬೇಕು, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಿರಬೇಕು, ಪಾದ ಕೆಳಗೆ ಊರಿರಬೇಕು. ಈಗ ಒಂದು ಸಣ್ಣ ಮಗುವನ್ನ ಮನೆಯ ದೊಡ್ಡ ಸೋಫಾ ಮೇಲೆ ಕೂರಿಸಿ ನೋಡಿ. ಬೆನ್ನು ಹಿಂದಕ್ಕೆ ತಾಗಿಸಿದ್ರೆ ಕಾಲು ನೆಟ್ಟಗೆ ಮುಂದಕ್ಕೆ ಚಾಚ್ತದೆ, ಮೊಣಕಾಲು ಮಡಚೋದಿಲ್ಲ. ಮಗುವಿಗೆ ಹಾಗೆ ಕೂರೋಕೆ ಹಿತ ಅನ್ಸಲ್ಲ, ಒಂದು ನಿಮಿಷದಲ್ಲಿ ಕುಂಡಿ ಮುಂದಕ್ಕೆ ಜಾರಿಸ್ಕೊಂಡು ಬೆನ್ನು ಬಾಗಿಸಿ ಕೂತಿರ್ತದೆ. ರೈಡ್ ಸೀಟಿನಲ್ಲಿ ಹಾಗೆ ಕೂತ ಮಗುವಿನ ಮುಂದೆ ಕಂಬಿ ಇರ್ತದೆ, ಆದ್ರೆ ಹೊಟ್ಟೆಗೂ ಕಂಬಿಗೂ ನಡುವೆ ಸಂದು. ಗಾಡಿ ಜೋರಾಗಿ ನಿಂತ್ರೆ ಕೆಳಗಿಂದ ಜಾರಬಹುದು. ಗಾಡಿ ಇಳುಕಲಿನಲ್ಲಿ ಧುಮುಕಿದ್ರೆ ಮೇಲಿಂದ ಎದ್ದು ಹೋಗಬಹುದು. ಊರಿ ಹಿಡಿಯೋಕೆ ಪಾದಕ್ಕೆ ನೆಲವೂ ಸಿಗಲ್ಲ.

ಹಾಗಾಗಿ ಅಳೆಯಬೇಕಾದದ್ದು ನಿಜವಾಗಿ ತೊಡೆಯ ಉದ್ದ, ಸೊಂಟದ ಅಳತೆ, ಕೂತಾಗ ಭುಜ ಎಲ್ಲಿಗೆ ಬರ್ತದೆ ಅನ್ನೋದು. ಪ್ರತಿ ಮಗುವಿಗೂ ದರ್ಜಿ ಟೇಪ್ ಹಿಡಿದು ಇಷ್ಟೆಲ್ಲ ಅಳೆಯೋಕಾಗಲ್ಲ. ಎತ್ತರ ಗೊತ್ತಾದ್ರೆ ಉಳಿದದ್ದು ಹೆಚ್ಚುಕಮ್ಮಿ ಅಂದಾಜಿಗೆ ಬರ್ತದೆ, ಅದಕ್ಕೇ ಎತ್ತರ. ರೈಡ್ ತಯಾರು ಮಾಡಿದ ಕಂಪನಿ ಎಷ್ಟು ಸಣ್ಣ ದೇಹದವರೆಗೆ ತನ್ನ ಸೀಟು, ಕಂಬಿ ಹಿಡೀತದೆ ಅಂತ ಲೆಕ್ಕ ಹಾಕಿ ಕೈಪಿಡಿಯಲ್ಲಿ ಬರೆದಿರ್ತದೆ. ಬಾಗಿಲಲ್ಲಿ ನಿಂತವರು ಆ ಗೆರೆಯನ್ನ ಪಾಲಿಸೋರಷ್ಟೇ, ಎಳೆದೋರಲ್ಲ. ದಿನಕ್ಕೆ ನೂರು ಅಪ್ಪಂದಿರ ಕೈಯಲ್ಲಿ ಬೈಸ್ಕೊಳ್ಳೋ ಕೆಲಸ ಅದು.

ತಲೆ, ಕುತ್ತಿಗೆಯದ್ದು ಇನ್ನೊಂದು ಲೆಕ್ಕ. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲು ಭಾಗ ಬರೀ ತಲೆ. ದೊಡ್ಡವರಲ್ಲಿ ಅದು ಏಳೆಂಟರಲ್ಲಿ ಒಂದು ಭಾಗ. ಐದಾರು ವರ್ಷದ ಮಗುವಿನ ಮೆದುಳು ಆಗಲೇ ದೊಡ್ಡವರ ಗಾತ್ರಕ್ಕೆ ಹತ್ರ ಬಂದಿರ್ತದೆ, ಆದ್ರೆ ಅದನ್ನ ಹೊತ್ತ ಕುತ್ತಿಗೆಯ ಸ್ನಾಯು ಇನ್ನೂ ಮಗುವಿನದೇ. ಸಣ್ಣ ದಂಟಿಗೆ ದೊಡ್ಡ ಸೂರ್ಯಕಾಂತಿ ಇದ್ದ ಹಾಗೆ. ಗಾಡಿ ಥಟ್ಟನೆ ತಿರುಗಿದಾಗ ಆ ತಲೆ ಎಷ್ಟು ಜೋರಾಗಿ ವಾಲ್ತದೆ ಅಂತ ಯೋಚಿಸಿ. ಭುಜದ ಲಾಕ್ ಇರೋ ರೈಡ್‌ಗಳಲ್ಲಂತೂ ಎತ್ತರ ಸಾಲದಿದ್ರೆ ಭುಜಕ್ಕೆ ಬರಬೇಕಾದ ಗಟ್ಟಿ ಪ್ಯಾಡ್ ಕಿವಿ ಪಕ್ಕಕ್ಕೆ ಬಂದು ಪ್ರತಿ ತಿರುವಿಗೂ ತಲೆಗೆ ಬಡೀತದೆ.

ಇಲ್ಲಿ ಅಪ್ಪಂದಿರು ಹೇಳೋ ಒಂದು ಮಾತಿದೆ: "ನಾ ಬಾಜೂ ಕುಂದರ್ತೇನ್ರಿ, ಗಟ್ಟಿ ಹಿಡ್ಕೊಂಡಿರ್ತೇನಿ." ಪ್ರೀತಿಯ ಮಾತು, ಒಪ್ತೀನಿ. ಲೆಕ್ಕ ಮಾತ್ರ ಬೇರೆ ಹೇಳ್ತದೆ. 20 ಕೆ.ಜಿ. ಮಗು, ತಿರುವಿನಲ್ಲಿ ಮೂರು ಪಟ್ಟು ಭಾರ ಬಿತ್ತು ಅನ್ನಿ. ಆ ಕ್ಷಣಕ್ಕೆ ಅದು 60 ಕೆ.ಜಿ. ಒಂದು ಸಕ್ಕರೆ ಚೀಲಕ್ಕಿಂತ ಹೆಚ್ಚು. ಅದೂ ನಿಮ್ಮ ತೋಳೂ ಮೂರು ಪಟ್ಟು ಭಾರ ಆಗಿರೋ ಹೊತ್ತಿನಲ್ಲಿ. ಇನ್ನೂ ಒಂದು ವಿಷಯ ಹೆಚ್ಚಿನವರಿಗೆ ಹೊಳೆದಿರಲ್ಲ. ಇಬ್ಬರಿಗೂ ಸೇರಿ ಒಂದೇ ಕಂಬಿ ಇರೋ ಸೀಟಿನಲ್ಲಿ ಆ ಕಂಬಿ ಎಲ್ಲಿ ನಿಲ್ತದೆ? ದಪ್ಪ ತೊಡೆಗೆ ತಾಗಿ ನಿಲ್ತದೆ, ಅಂದ್ರೆ ಅಪ್ಪನ ತೊಡೆಗೆ. ಪಕ್ಕದ ಮಗುವಿಗೆ ಮೇಲೆ ಒಂದು ಗೇಣು ಜಾಗ ಖಾಲಿ. ಅಪ್ಪ ಜೊತೆಗೆ ಕೂತಿದ್ದೇ ಕಂಬಿಯನ್ನ ಮಗುವಿನಿಂದ ದೂರ ಇಟ್ಟ ಹಾಗಾಯ್ತು.

ಹಾಗಾದ್ರೆ ಕೆಲವು ಬೋರ್ಡುಗಳಲ್ಲಿ "ಇಷ್ಟು ಎತ್ತರದೊಳಗಿನ ಮಕ್ಕಳು ದೊಡ್ಡವರ ಜೊತೆ ಮಾತ್ರ" ಅಂತ ಬರೆದಿರ್ತಾರಲ್ಲ? ಅದು ಮೆಲ್ಲಗೆ ಹೋಗೋ ಆಟಗಳಿಗೆ. ಅಲ್ಲಿ ದೇಹ ಹಾರೋ ಭಯ ಇಲ್ಲ, ಮಗು ನಡುವೆಯೇ ಎದ್ದು ನಿಲ್ಲೋ, ಅಮ್ಮ ಕಂಡ್ಲು ಅಂತ ಇಳಿಯೋಕೆ ಹೋಗೋ ಭಯ ಇದೆ. ದೊಡ್ಡವರು ಬೇಕಿರೋದು ಹಿಡಿಯೋಕಲ್ಲ, "ಕೂಡ್ರಪಾ" ಅನ್ನೋಕೆ.

ಇನ್ನು ಸೆಂಟಿಮೀಟರ್‌ಗೂ ವಯಸ್ಸಿಗೂ ಹೊಂದಾಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ ನಡುಮಟ್ಟದ ಮಗು 5 ವರ್ಷಕ್ಕೆ ಸುಮಾರು 110 ಸೆಂ.ಮೀ., 7ಕ್ಕೆ 121ರ ಆಸುಪಾಸು, 9ಕ್ಕೆ 132, ಹತ್ತೂವರೆಗೆ 140. ಅಮೆರಿಕದ ಪಾರ್ಕುಗಳಲ್ಲಿ ಬಹಳ ಕಡೆ ಕಾಣೋ 48 ಇಂಚಿನ ಗೆರೆ ಅಂದ್ರೆ 122 ಸೆಂ.ಮೀ. ಏಳು ದಾಟಿದ ಮಗು ಅನ್ನೋ ಅಂದಾಜು ಅದರಲ್ಲಿ ಅಡಗಿದೆ: ಹೇಳಿದ ಮಾತು ಕೇಳ್ತದೆ, ಕಂಬಿ ಬಿಡಬೇಡ ಅಂದ್ರೆ ಬಿಡಲ್ಲ.

ಆದ್ರೆ ಇದು ಪಟ್ಟಿಯ ಮಗು. ನಮ್ಮ ಮಕ್ಕಳು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019ರಿಂದ 21ರ ನಡುವೆ ನಡೆದದ್ದು, ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕ ಹಾಗಿಲ್ಲ ಅಂತ ಹೇಳ್ತದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. 5 ವರ್ಷದ ಹುಡುಗ ಸುಮಾರು 101 ಸೆಂ.ಮೀ. ಕೂಡ ಮುಟ್ಟಿಲ್ಲ ಅಂದ್ರೆ ಈ ಲೆಕ್ಕಕ್ಕೆ ಸೇರ್ತಾನೆ. ಹೊಟ್ಟೆ ತುಂಬದ್ದು, ಪದೇ ಪದೇ ಬೇಧಿ ಆಗಿದ್ದು, ಬಸುರಿಯಾಗಿದ್ದಾಗ ತಾಯಿಗೆ ಸಿಗಬೇಕಾದ್ದು ಸಿಗದಿದ್ದದ್ದು, ಎಲ್ಲ ಸೇರಿ ಮಗುವಿನ ಮೊದಲ ಎರಡು ವರ್ಷದಲ್ಲೇ ಈ ಸೆಂಟಿಮೀಟರ್‌ಗಳು ಕಳೆದಿರ್ತವೆ. ಅಪ್ಪ ಅಮ್ಮ ಗಿಡ್ಡ ಇದ್ರೆ ಮಗು ಗಿಡ್ಡ ಆಗೋದು ಸಹಜ, ಗಿಡ್ಡ ಇರೋ ಎಲ್ಲ ಮಕ್ಕಳೂ ಊಟ ಸಾಲದವರಲ್ಲ. ಆದ್ರೂ ಸರ್ಕಾರಿ ಶಾಲೆಯ ಒಂದು ಬಸ್ಸು, ಖಾಸಗಿ ಶಾಲೆಯ ಒಂದು ಬಸ್ಸು ಒಂದೇ ಪಾರ್ಕಿಗೆ ಹೋಗಿ ನಿಂತ್ರೆ, ಒಂದೇ ವಯಸ್ಸಿನ ಮಕ್ಕಳಲ್ಲಿ ಗೆರೆ ದಾಟದವರು ಯಾವ ಬಸ್ಸಿನವರು ಹೆಚ್ಚಿರಬಹುದು ಅಂತ ನನಗೆ ಅನುಮಾನ ಇದೆ. ಗೆರೆ ಸರಿ ಇದೆ, ಅದು ಮಗುವಿನ ಜೀವಕ್ಕೆ. ಅದರ ಮುಂದೆ ನಿಂತ ಮಗುವಿಗೆ "ನೀ ಸಣ್ಣಾಂವ" ಅನ್ನಿಸಿ ಕಳಿಸೋದು ಮಾತ್ರ ಸರಿ ಇಲ್ಲ.

ಇದಕ್ಕೆ ಶಾಲೆಗಳು ಮಾಡಬಹುದಾದ್ದು ಬಹಳ ಸರಳ, ಯಾಕೆ ಮಾಡಲ್ಲ ಅಂತ ನನಗೆ ಅರ್ಥ ಆಗಲ್ಲ. ಯಾವ ರೈಡಿಗೆ ಎಷ್ಟು ಎತ್ತರ ಅನ್ನೋದು ಪಾರ್ಕಿನವರ ವೆಬ್‌ಸೈಟ್‌ನಲ್ಲಿ ಸಿಗ್ತದೆ, ಇಲ್ಲಾಂದ್ರೆ ಫೋನ್ ಮಾಡಿ ಕೇಳಬಹುದು. ದುಡ್ಡು ಕಟ್ಟಿಸ್ಕೊಳ್ಳೋ ಮೊದಲೇ ಮಕ್ಕಳನ್ನ ಅಳೆದು, ಯಾರಿಗೆ ಯಾವುದು ಸಿಗ್ತದೆ ಅಂತ ಹೇಳಿಬಿಟ್ರೆ ಆಯ್ತು. ನಾಲ್ಕನೇ ಕ್ಲಾಸಿನ ಅರ್ಧ ಮಕ್ಕಳಿಗೆ ದೊಡ್ಡ ರೈಡ್ ಸಿಗಲ್ಲ ಅಂದ್ರೆ ಆ ವರ್ಷ ಪ್ರವಾಸ ಬೇರೆ ಕಡೆ ಹೋಗಲಿ. ಬಾದಾಮಿ, ಐಹೊಳೆ ನಮ್ಮ ಜಿಲ್ಲೆಯಲ್ಲೇ ಇವೆ.

ಮನೆಯಲ್ಲಿ ಅಳೆಯೋದಾದ್ರೆ ಅಂಗನವಾಡಿ ಕಾರ್ಯಕರ್ತೆ ಅಳೆಯೋ ಹಾಗೆ ಅಳೀರಿ. ಚಪ್ಪಲಿ ಬಿಚ್ಚಿ, ಹಿಮ್ಮಡಿ, ಕುಂಡಿ, ಬೆನ್ನು, ತಲೆ ಗೋಡೆಗೆ ತಾಗಿಸಿ, ಕಣ್ಣು ನೇರ ಮುಂದೆ, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಗೆರೆ ಹಾಕಿ. ಜುಟ್ಟು ಲೆಕ್ಕಕ್ಕಿಲ್ಲ. ಒಂದು ಮಜಾ ವಿಷಯ: ಬೆಳಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಸುಮಾರು ಒಂದು ಸೆಂ.ಮೀ. ಎತ್ತರ ಇರ್ತೀವಿ, ದಿನವಿಡೀ ಓಡಾಡಿ ಬೆನ್ನೆಲುಬಿನ ನಡುವಿನ ಮೆತ್ತೆಗಳು ಒತ್ತಿ ಕುಗ್ತವೆ. ಗೆರೆಗೆ ಸರಿಯಾಗಿ ಇರೋ ಮಗುವನ್ನ ಮೊದಲು ಆ ರೈಡಿಗೇ ಕರ್ಕೊಂಡು ಹೋಗಿ. ಶೂ ಒಳಗೆ ಬಟ್ಟೆ ತುರುಕಿ ಎತ್ತರ ಮಾಡೋ ವಿಡಿಯೋಗಳು ರೀಲ್ಸ್‌ನಲ್ಲಿ ಬರ್ತವೆ, ಅದನ್ನ ಮಾತ್ರ ಮಾಡಬೇಡಿ. ಶೂ ಎತ್ತರ ಆದ್ರೆ ತೊಡೆ ಉದ್ದ ಆಗಲ್ಲ. ಕೇಳುಗರ ಅಳಿಯನಿಗೆ ಕಡಿಮೆ ಬಿದ್ದದ್ದು ಆರೇಳು ಸೆಂ.ಮೀ. ಇರಬೇಕು. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೀತಾರೆ. ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಅವನು ಆ ರೈಡ್ ಹತ್ತಿರ್ತಾನೆ.

ಗೆರೆ ದಾಟಿದ್ರೆ ಎಲ್ಲ ಕ್ಷೇಮ ಅಂತಲೂ ಅಲ್ಲ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 2014ರಲ್ಲಿ ವೆರುಕ್ಟ್ ಅನ್ನೋ ನೀರಿನ ಜಾರುಬಂಡಿ ಶುರುವಾಯ್ತು. 168 ಅಡಿಗೂ ಹೆಚ್ಚು ಎತ್ತರ, ಆಗ ಜಗತ್ತಿನಲ್ಲೇ ದೊಡ್ಡದು. ಒಂದು ರಬ್ಬರ್ ತೆಪ್ಪದಲ್ಲಿ ಮೂವರು ಕೂರಬೇಕು, ಮೂವರ ತೂಕ ಸೇರಿ ಸುಮಾರು 180ರಿಂದ 250 ಕೆ.ಜಿ. ಒಳಗಿರಬೇಕು. ಎತ್ತರದ ಗೆರೆ 54 ಇಂಚು, ಅಂದ್ರೆ 137 ಸೆಂ.ಮೀ. 2016ರ ಆಗಸ್ಟ್ 7ರಂದು 10 ವರ್ಷದ ಹುಡುಗನೊಬ್ಬ ಮುಂದಿನ ಸೀಟಿನಲ್ಲಿ ಕೂತಿದ್ದ. ಎರಡನೇ ಏರಿನಲ್ಲಿ ತೆಪ್ಪ ಗಾಳಿಗೆ ಹಾರಿ, ಮೇಲಿದ್ದ ಬಲೆಯ ಕಬ್ಬಿಣದ ಕಮಾನಿಗೆ ಬಡಿದು ಅವನು ಸತ್ತ. ಹುಡುಗ ಗಿಡ್ಡ ಇದ್ದದ್ದು ಕಾರಣ ಅಲ್ಲ. ಆ ಏರಿನಲ್ಲಿ ತೆಪ್ಪ ಹಾರೋದೇ ವಿನ್ಯಾಸದ ತಪ್ಪು. ಜಾರುಬಂಡಿಯನ್ನ ಆಮೇಲೆ ಕೆಡವಿದ್ರು.

ಇನ್ನೊಂದು ಇದಕ್ಕೆ ತಿರುಗುಮುರುಗು. ಫ್ಲೋರಿಡಾದ ಒರ್ಲಾಂಡೊದಲ್ಲಿ 2022ರ ಮಾರ್ಚ್ 24ರಂದು ಮೇಲಿಂದ ಕೆಳಗೆ ಧುಮುಕೋ ಟವರ್ ರೈಡಿನಿಂದ 14 ವರ್ಷದ ಹುಡುಗ ಜಾರಿ ಬಿದ್ದು ಸತ್ತ. ಅವನು ಆರಡಿಗೂ ಎತ್ತರ. ತೂಕ 170 ಕೆ.ಜಿ.ಗೂ ಹೆಚ್ಚು, ಕಂಪನಿ ಹೇಳಿದ ಮಿತಿ ಸುಮಾರು 130. ಭುಜದ ಲಾಕ್ ಪೂರ್ತಿ ಕೆಳಗೆ ಬರದಿದ್ರೂ ಸರಿಯಾಗಿ ಕೂತಿದೆ ಅಂತ ತೋರಿಸೋ ಹಾಗೆ ಆ ಸೀಟಿನ ಸೆನ್ಸರ್ ಹೊಂದಿಸಲಾಗಿತ್ತು ಅಂತ ತನಿಖೆಯಲ್ಲಿ ಹೊರಬಂತು. ಮೇಲೆ ಇನ್ನೊಂದು ಬೆಲ್ಟ್ ಕೂಡ ಇರಲಿಲ್ಲ. ಇಲ್ಲೂ ಅದೇ ಕಥೆ: ದೇಹಕ್ಕೂ ಕಂಬಿಗೂ ನಡುವಿನ ಸಂದು.

ಈಗ ನಮ್ಮ ಜಾತ್ರೆಗೆ ಬರೋಣ. ಬನದ ಹುಣ್ಣಿಮೆಗೆ ಬಾದಾಮಿ ಹತ್ರ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು: ದೊಡ್ಡ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ಟ್ರೇನ್. ನಾನು ಹೋದ ಜಾತ್ರೆಗಳಲ್ಲಿ ಎತ್ತರದ ಗೆರೆ ಕಂಡಿದ್ದು ಬೆರಳೆಣಿಕೆ. ಟಿಕೆಟ್ ಇದ್ರೆ ಹತ್ತು. ಭಾರತೀಯ ಮಾನಕ ಬ್ಯೂರೋದ್ದು ಐಎಸ್ 15475 ಅನ್ನೋ ಮಾನದಂಡ ಇಂಥ ಆಟದ ಯಂತ್ರಗಳಿಗಂತಲೇ ಇದೆ. ಆದ್ರೆ ನಾಲ್ಕು ದಿನಕ್ಕೆ ಲಾರಿಯಲ್ಲಿ ಬಂದು, ಜೋಡಿಸಿ, ಬಿಚ್ಚಿ ಮುಂದಿನ ಜಾತ್ರೆಗೆ ಹೋಗೋ ಯಂತ್ರದ ನಟ್ಟು ಬೋಲ್ಟನ್ನ ನಾವು ಕೆಳಗೆ ನಿಂತು ನೋಡಿ ಹೇಳೋಕಾಗಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದ ಹಾಗೆ ತೂಗೋ ರೈಡ್ ಮುರಿದು ಬಿದ್ದು ಜನ ಸತ್ರು. 2022ರ ಸೆಪ್ಟೆಂಬರ್‌ನಲ್ಲಿ ಮೊಹಾಲಿಯ ಮೇಳದಲ್ಲಿ ಎತ್ತರದ ರೈಡ್ ಜನರ ಸಮೇತ ಕೆಳಗೆ ಅಪ್ಪಳಿಸ್ತು. ಅಲ್ಲಿ ಯಾವ ಗೆರೆಯೂ ಕಾಯ್ತಿರಲಿಲ್ಲ.

ನಮಗೆ ಕಾಣೋದು ಸೀಟು, ಕಂಬಿ ಮತ್ತು ಓಡಿಸೋ ಮನುಷ್ಯ. ನಾನಂತೂ ಒಂದು ಸುತ್ತು ಹತ್ತದೇ ನಿಂತು ನೋಡ್ತೀನಿ. ಓಡಿಸೋರು ಪ್ರತಿ ಸೀಟಿನ ಕಂಬಿಯನ್ನ ಕೈಯಿಂದ ಎಳೆದು ನೋಡ್ತಾರಾ, ಇಲ್ಲಾ ಮೊಬೈಲ್ ನೋಡ್ತಾ ಸ್ವಿಚ್ ಒತ್ತುತಾರಾ? ತೊಟ್ಟಿಲಿನ ಬಾಯಿಗೆ ಕಂಬಿ ಇದೆಯಾ, ಬರೀ ಸರಪಳಿನಾ? ಸರಪಳಿ ಕೆಳಗಿಂದ ಐದು ವರ್ಷದ ಮಗು ಆರಾಮಾಗಿ ನುಸುಳ್ತದೆ ಅಂದ್ರೆ ಆ ಮಗುವಿಗೆ ಅದು ತೆರೆದ ಬಾಗಿಲೇ. ಕಂಬಿ ಹಾಕಿದ ಮೇಲೆ ನಿಮ್ಮ ಮುಷ್ಟಿಯನ್ನ ಮಗುವಿನ ಹೊಟ್ಟೆಗೂ ಕಂಬಿಗೂ ನಡುವೆ ಇಟ್ಟು ನೋಡಿ. ಎರಡು ಮುಷ್ಟಿ ಹಿಡಿಸ್ತು ಅಂದ್ರೆ ನಾನಾಗಿದ್ರೆ ಟಿಕೆಟ್ ದುಡ್ಡು ಹೋಗಲಿ ಅಂತ ಇಳಿಸ್ಕೊಂಡು ಬರ್ತೀನಿ. ಉದ್ದ ಜಡೆ ಇದ್ರೆ ಕಟ್ಟಿ ಒಳಗೆ ಸೇರಿಸಿ, ದುಪಟ್ಟಾ ಕೆಳಗಿದ್ದವರ ಕೈಗೆ ಕೊಡಿ.

ಬ್ರೇಕ್ ಡ್ಯಾನ್ಸ್‌ನಲ್ಲಿ ಸುತ್ತೋ ವೇಗಕ್ಕೆ ಎಲ್ಲರೂ ಹೊರಗಿನ ಬದಿಗೆ ಜಾರ್ತಾರೆ. ಸಣ್ಣವರು ಹೊರಗೆ, ದೊಡ್ಡವರು ಒಳಗೆ ಕೂತ್ರೆ ದೊಡ್ಡವರ ಪೂರ್ತಿ ಭಾರ ಮಗುವಿನ ಮೇಲೆ. ಅದಕ್ಕೆ ದೊಡ್ಡವರು ಹೊರಗೆ ಕೂರಬೇಕು. ಕೊಲಂಬಸ್‌ನಲ್ಲಿ ಎಲ್ಲರೂ ಬಡಿದಾಡೋದು ಎರಡು ತುದಿಯ ಸೀಟಿಗೆ, ಯಾಕಂದ್ರೆ ಮೇಲೇರೋದು ಅಲ್ಲೇ ಹೆಚ್ಚು, ಸೀಟಿನಿಂದ ಏಳೋದೂ ಅಲ್ಲೇ. ನಡುವಿನ ಸಾಲು ಬಹಳ ಕಡಿಮೆ ಏರ್ತದೆ. ಮಕ್ಕಳನ್ನ ಕೂರಿಸೋದಾದ್ರೆ ಅಲ್ಲಿ ಕೂರಿಸಿ, ಅದೂ ಕಂಬಿ ತೊಡೆಗೆ ಮುಟ್ಟಿದ್ರೆ ಮಾತ್ರ. ತುದಿಯಲ್ಲಿ ನಿಂತು ಕೈ ಬಿಟ್ಟು ಸೀಟಿ ಹೊಡೆಯೋ ಅಣ್ಣಂದಿರು ಈ ಕಂತು ಕೇಳ್ತಾ ಇದ್ರೆ, ನಿಮ್ಮನ್ನ ನೋಡಿ ಕಲಿಯೋ ಹುಡುಗರು ಅದೇ ಹಡಗಿನ ನಡುವಿನ ಸಾಲಿನಲ್ಲಿ ಕೂತಿರ್ತಾರೆ, ದಯವಿಟ್ಟು ಕೂತ್ಕೊಳ್ಳಿ.